ನೃತ್ಯಾಭ್ಯಾಸದ ಕೊನೆಯ ವರ್ಷ: ಪ್ರಮಾಣಪತ್ರ ಕೈಸೇರಿದ ಮೇಲೆ ಮುಂದೇನು?

ಸಾದಲಿ: ಮಗಳು ಹತ್ತು ವರ್ಷ ಭರತನಾಟ್ಯ ಕಲಿತಿದ್ದಾಳೆ. ಈ ವರ್ಷ ವಿದ್ವತ್ ಅಂತಿಮ ಪರೀಕ್ಷೆ. ಅದು ಮುಗಿದ ಮೇಲೆ ಏನು? ಬೆಂಗಳೂರು, ಮೈಸೂರುಗಳ ಮಧ್ಯಮ ವರ್ಗದ ಮನೆಗಳಲ್ಲಿ ಪ್ರತಿವರ್ಷ ಕೇಳಿಬರುವ ಈ ಪ್ರಶ್ನೆ, ಶಿಡ್ಲಘಟ್ಟ ತಾಲೂಕಿನ ಹೋಬಳಿ ಕೇಂದ್ರವಾದ ಸಾದಲಿಯಂತಹ ಊರಿನ ರೇಷ್ಮೆ ಬೆಳೆಗಾರನ ಮನೆಗೆ ಬಂದಾಗ ಇನ್ನಷ್ಟು ತೀಕ್ಷ್ಣವಾಗುತ್ತದೆ. ನಗರದ ಕುಟುಂಬಕ್ಕೆ ನೃತ್ಯ ಹವ್ಯಾಸವಾಗಿ ಉಳಿದರೂ ನಷ್ಟವಿಲ್ಲ. ಹಳ್ಳಿಯ ಕುಟುಂಬಕ್ಕೆ ಅದು ಹಣ, ಸಮಯ ಮತ್ತು ಭರವಸೆಗಳ ಹೂಡಿಕೆ.

ನೃತ್ಯವನ್ನೇ ವೃತ್ತಿಯಾಗಿಸಿಕೊಳ್ಳಬಯಸುವ ವಿದ್ಯಾರ್ಥಿನಿ ಕೊನೆಯ ವರ್ಷದಲ್ಲಿ ಏಕಕಾಲಕ್ಕೆ ಮೂರು ಸಿದ್ಧತೆಗಳನ್ನು ನಡೆಸಬೇಕಾಗುತ್ತದೆ. ಪರೀಕ್ಷಾರ್ಥಿಯಾಗಿ ಒಂದು, ರಂಗದ ಕಲಾವಿದೆಯಾಗಿ ಒಂದು, ನಾಳೆಯ ಶಿಕ್ಷಕಿಯಾಗಿ ಮತ್ತೊಂದು. ಈ ಮೂರರಲ್ಲಿ ಸ್ಪಷ್ಟವಾದ ಪಠ್ಯಕ್ರಮವಿರುವುದು ಮೊದಲನೆಯದಕ್ಕೆ ಮಾತ್ರ. ಹೊಟ್ಟೆಪಾಡು ನಿಂತಿರುವುದು ಬಹುಪಾಲು ಮೂರನೆಯದರ ಮೇಲೆ.

ನಾಲ್ಕು ಮೆಟ್ಟಿಲುಗಳ ಹಾದಿ

ಜೂನಿಯರ್, ಸೀನಿಯರ್, ವಿದ್ವತ್ ಪೂರ್ವ, ವಿದ್ವತ್ ಅಂತಿಮ ಎಂಬ ನಾಲ್ಕು ಹಂತಗಳ ಪರೀಕ್ಷಾ ಪದ್ಧತಿ ಕರ್ನಾಟಕದಲ್ಲಿ ದಶಕಗಳಿಂದ ರೂಢಿಯಲ್ಲಿದೆ. ಬಹುಕಾಲ ಇದನ್ನು ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿತ್ತು. ಬಳಿಕ ಈ ಹೊಣೆ ಮೈಸೂರಿನಲ್ಲಿರುವ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೆ ಸೇರಿತು. ದೊಡ್ಡ ಸಂಸ್ಥೆಯಲ್ಲಿ ಕಲಿತವರೂ, ಗುರುವಿನ ಮನೆಯ ಹಜಾರದಲ್ಲಿ ಕಲಿತವರೂ ಒಂದೇ ಪರೀಕ್ಷೆಗೆ ಕುಳಿತುಕೊಳ್ಳಬಹುದು ಎಂಬುದು ಈ ಪದ್ಧತಿಯ ದೊಡ್ಡ ಗುಣ.

ಅಂತಿಮ ಹಂತದಲ್ಲಿ ಶಾಸ್ತ್ರ ಮತ್ತು ಪ್ರಯೋಗ ಎರಡೂ ಭಾರವಾಗಿಯೇ ಇರುತ್ತವೆ. 'ಅಭಿನಯ ದರ್ಪಣ' ಹೇಳುವ 28 ಅಸಂಯುತ ಹಸ್ತಗಳು, ಅಷ್ಟನಾಯಿಕೆಯರ ಅವಸ್ಥಾಭೇದ, ತಾಳದ ದಶಪ್ರಾಣಗಳು, ಏಳು ಸೂಳಾದಿ ತಾಳಗಳು ಐದು ಜಾತಿಗಳಿಂದ 35 ಆಗುವ ಲೆಕ್ಕ ಇವೆಲ್ಲ ಕಂಠಪಾಠವಾದರೆ ಸಾಲದು, ಬರೆದು ವಿವರಿಸಲೂ ಬರಬೇಕು. ಪ್ರಾಯೋಗಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕೇಳಿದ ನೃತ್ಯಬಂಧವನ್ನು ಪ್ರದರ್ಶಿಸಬೇಕು; ಕೈಯಲ್ಲಿ ತಾಳ ಹಾಕುತ್ತ ಜತಿಗಳನ್ನು ಬಾಯಲ್ಲಿ ಹೇಳಬೇಕು. ಕಾಲು ಚುರುಕಾಗಿದ್ದೂ ಬಾಯಿಗೆ ಲಯ ಒಲಿಯದ ಅನೇಕರು ಎಡವುವುದು ಇಲ್ಲಿಯೇ.

ಈ ಪರೀಕ್ಷೆಗೆ ಕೂರುವ ಅನೇಕರು ಅದೇ ವೇಳೆಗೆ ಬಿ.ಕಾಂ., ಬಿ.ಎಸ್ಸಿ. ಅಥವಾ ಎಂಜಿನಿಯರಿಂಗ್ ಓದುತ್ತಿರುತ್ತಾರೆ. ಬೆಳಿಗ್ಗೆ ಅಡವುಗಳ ಅಭ್ಯಾಸ, ಹಗಲು ಕಾಲೇಜು, ಸಂಜೆ ತರಗತಿ, ರಾತ್ರಿ ಶಾಸ್ತ್ರದ ಓದು. ನೃತ್ಯಕ್ಕೆ ದೊರೆಯುವುದು ದಿನದ ಎರಡು ತುದಿಗಳು ಮಾತ್ರ.

ದೇಹವೇ ಬಂಡವಾಳ

ಭರತನಾಟ್ಯದ ಮೂಲ ನಿಲುವು ಅರೆಮಂಡಿ. ಮಂಡಿಗಳು ಹೊರಮುಖವಾಗಿ ಬಾಗಿ, ಬೆನ್ನು ನೇರವಾಗಿ ನಿಂತು, ಬರಿಗಾಲಿನಿಂದ ನೆಲವನ್ನು ತಟ್ಟಬೇಕು. ಒಂದು ವರ್ಣವನ್ನು ಪೂರ್ಣವಾಗಿ ನರ್ತಿಸಲು ಅರ್ಧ ಗಂಟೆಗೂ ಹೆಚ್ಚು ಕಾಲ ಬೇಕು. ಈ ಒತ್ತಡವೆಲ್ಲ ಮಂಡಿ, ಹಿಮ್ಮಡಿ ಹಾಗೂ ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಬೀಳುತ್ತದೆ. ಹೊರತಿರುಗಿದ ಕಾಲುಗಳು ಪಾಶ್ಚಾತ್ಯ ಬ್ಯಾಲೆಗೂ ತಳಹದಿ. ಆದರೆ ಬ್ಯಾಲೆ ಶಾಲೆಗಳಲ್ಲಿ ಹೆಜ್ಜೆಯ ಪೆಟ್ಟನ್ನು ಹೀರಿಕೊಳ್ಳುವಂತೆ ಅಡಿಯಲ್ಲಿ ಟೊಳ್ಳು ಬಿಟ್ಟು ಮರದ ನೆಲ ಹಾಸಿರುತ್ತಾರೆ. ನಮ್ಮಲ್ಲಿ ಅಭ್ಯಾಸ ನಡೆಯುವುದು ಸಿಮೆಂಟ್, ಗ್ರಾನೈಟ್ ಅಥವಾ ಕಡಪ ಕಲ್ಲಿನ ಮೇಲೆ!

ಕೊನೆಯ ವರ್ಷದಲ್ಲಿ ಅಭ್ಯಾಸದ ಅವಧಿ ಏಕಾಏಕಿ ಹೆಚ್ಚುವುದರಿಂದ ನೋವು ಕಾಣಿಸಿಕೊಳ್ಳುವುದೂ ಆಗಲೇ. ನೋವನ್ನು ತಪಸ್ಸೆಂದು ಭಾವಿಸಿ ಸಹಿಸುವ ಅಭ್ಯಾಸ ನಮ್ಮಲ್ಲಿ ಹಳೆಯದು. ಅಭ್ಯಾಸಕ್ಕೆ ಮುನ್ನ ಮೈ ಬಿಸಿ ಮಾಡಿಕೊಳ್ಳುವುದು, ತೊಡೆ ಮತ್ತು ಸೊಂಟದ ಸ್ನಾಯುಗಳನ್ನು ಬಲಪಡಿಸುವುದು, ವಾರದಲ್ಲಿ ಒಂದು ದಿನ ಪೂರ್ಣ ವಿಶ್ರಾಂತಿ ಪಡೆಯುವುದು ಇವು ಆಲಸ್ಯದ ಲಕ್ಷಣಗಳಲ್ಲ. ಮುಂದಿನ ಇಪ್ಪತ್ತು ವರ್ಷ ನರ್ತಿಸಬೇಕಾದ ದೇಹಕ್ಕೆ ಇವು ಅಗತ್ಯ.

ಬ್ಯಾಲೆ ಶಾಲೆಯ ಕೊನೆಯ ವರ್ಷ ಹೇಗಿರುತ್ತದೆ?

ಹೋಲಿಕೆಗಾಗಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದ ವಗಾನೋವಾ ಅಕಾಡೆಮಿಯನ್ನು ನೋಡಬಹುದು. 1738ರಲ್ಲಿ ಸ್ಥಾಪನೆಯಾದ ಈ ಶಾಲೆಗೆ ಮಕ್ಕಳು ಹತ್ತರ ಆಸುಪಾಸಿನಲ್ಲಿ ಸೇರಿ ಎಂಟು ವರ್ಷ ಕಲಿಯುತ್ತಾರೆ. ಕೊನೆಯ ವರ್ಷ ಪರೀಕ್ಷೆಯ ಜೊತೆಗೆ ಮಾರಿನ್‌ಸ್ಕಿ ರಂಗಮಂದಿರದಲ್ಲಿ ಪದವಿ ಪ್ರದರ್ಶನವಿರುತ್ತದೆ. ಹೊಸಬರನ್ನು ಆರಿಸಿಕೊಳ್ಳುವ ಬ್ಯಾಲೆ ತಂಡಗಳು ಇಂತಹ ಪ್ರದರ್ಶನಗಳನ್ನು ಗಮನಿಸುತ್ತವೆ. ಆಯ್ಕೆಯಾದವರು ಸಮೂಹ ನರ್ತಕರಾಗಿ ಸಂಬಳದ ಕೆಲಸ ಆರಂಭಿಸುತ್ತಾರೆ. ಎಲ್ಲರಿಗೂ ಸ್ಥಾನ ಸಿಗದಿದ್ದರೂ ಬಾಗಿಲು ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಪ್ಯಾರಿಸ್ ಒಪೆರಾದ ನರ್ತಕರಿಗೆ 42ನೇ ವಯಸ್ಸಿಗೆ ನಿವೃತ್ತಿ ಮತ್ತು ಪಿಂಚಣಿಯ ವ್ಯವಸ್ಥೆಯಿದೆ. ಇದರ ಬೇರು 1698ರಲ್ಲಿ, ಹದಿನಾಲ್ಕನೇ ಲೂಯಿ ದೊರೆಯ ಕಾಲದಲ್ಲಿದೆ. ಸರ್ಕಾರ ಈ ಸೌಲಭ್ಯವನ್ನು ತೆಗೆಯಲು ಮುಂದಾದಾಗ, 2019ರ ಡಿಸೆಂಬರ್ 24ರಂದು ನರ್ತಕಿಯರು ಚಳಿಯಲ್ಲಿ ಒಪೆರಾ ಕಟ್ಟಡದ ಹೊರಗೆ 'ಸ್ವಾನ್ ಲೇಕ್' ಬ್ಯಾಲೆಯ ಭಾಗವನ್ನು ನರ್ತಿಸಿ ಪ್ರತಿಭಟಿಸಿದರು. ನೃತ್ಯವನ್ನು ದುಡಿಮೆ ಎಂದು ಒಪ್ಪಿಕೊಂಡ ಸಮಾಜದಲ್ಲಿ ಮಾತ್ರ ನಡೆಯಬಹುದಾದ ಪ್ರತಿಭಟನೆ ಅದು.

ಭಾರತದಿಂದ ಆ ಲೋಕಕ್ಕೆ ಹೋದವರೂ ಇದ್ದಾರೆ. ದೆಹಲಿಯ ಇ-ರಿಕ್ಷಾ ಚಾಲಕರೊಬ್ಬರ ಮಗ ಕಮಲ್ ಸಿಂಗ್, ಹದಿನೇಳನೇ ವಯಸ್ಸಿನಲ್ಲಿ ಬ್ಯಾಲೆ ಕಲಿಯಲಾರಂಭಿಸಿ 2020ರಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಶಾಲೆಯ ವೃತ್ತಿ ತರಬೇತಿಗೆ ಆಯ್ಕೆಯಾದರು. ಶುಲ್ಕ ಮತ್ತು ಖರ್ಚಿಗೆ ಸಾರ್ವಜನಿಕರಿಂದ ದೇಣಿಗೆ ಎತ್ತಬೇಕಾಯಿತು. ಪ್ರತಿಭೆಯಿದ್ದರೂ ಹಣವಿಲ್ಲದೆ ದಾರಿ ಸಾಗದು ಎಂಬುದಕ್ಕೆ ಇದೂ ನಿದರ್ಶನ.

ಆಸ್ಥಾನದಿಂದ ವಿಶ್ವವಿದ್ಯಾಲಯಕ್ಕೆ

ನಮ್ಮಲ್ಲಿಯೂ ಸಂಬಳ ಕೊಡುವ ವ್ಯವಸ್ಥೆಯೊಂದಿತ್ತು. ಮೈಸೂರು ಅರಮನೆ ಅಂತಹ ಆಶ್ರಯವಾಗಿತ್ತು. ಜಟ್ಟಿ ತಾಯಮ್ಮನವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ (1906–2002) ಆಸ್ಥಾನ ವಿದುಷಿಯಾಗಿ ದಶಕಗಳ ಕಾಲ ನರ್ತಿಸಿದರು. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ವಿಭಾಗ ಆರಂಭವಾದಾಗ ಅವರು ಅಲ್ಲಿ ಅಧ್ಯಾಪಕರಾದರು. 1992ರಲ್ಲಿ ಪದ್ಮಭೂಷಣ ಪುರಸ್ಕಾರ ಬಂತು. ಅರಮನೆಯ ಆಶ್ರಯ ಕರಗಿದ ಮೇಲೆ ನೃತ್ಯಕ್ಕೆ ಅನ್ನ ಕೊಟ್ಟದ್ದು ಪಾಠ ಹೇಳುವ ಕೆಲಸ ಎಂಬುದನ್ನು ಅವರ ಬದುಕೇ ತೋರಿಸುತ್ತದೆ.

ಬೆಂಗಳೂರಿನ ಯು.ಎಸ್. ಕೃಷ್ಣರಾವ್ (1912–2005) ಅವರದು ಇನ್ನೊಂದು ಮಾದರಿ. ಪತ್ನಿ ಚಂದ್ರಭಾಗಾದೇವಿಯವರೊಂದಿಗೆ ಭರತನಾಟ್ಯದಲ್ಲಿ ಹೆಸರು ಮಾಡಿದ ಅವರು ವೃತ್ತಿಯಿಂದ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ನೃತ್ಯ, ನಾಟಕ, ಸಂಗೀತ ವಿಭಾಗವನ್ನು ಕಟ್ಟಿದರು. ಒಂದು ಕೈಯಲ್ಲಿ ಉದ್ಯೋಗ, ಇನ್ನೊಂದು ಕೈಯಲ್ಲಿ ಕಲೆ ಎಂಬ ಈ ಹಾದಿಯನ್ನೇ ಇಂದಿನ ಸಾಫ್ಟ್‌ವೇರ್ ಉದ್ಯೋಗಿ ಕಲಾವಿದೆಯರೂ ಹಿಡಿದಿದ್ದಾರೆ.

ಮೂರನೆಯ ಮಾದರಿ ಮಾಯಾ ರಾವ್ (1928–2014) ಅವರದು. ಬೆಂಗಳೂರಿನಲ್ಲಿ ಹುಟ್ಟಿ ಕಥಕ್ ಕಲಿತ ಅವರು, 1960ರ ದಶಕದ ಆರಂಭದಲ್ಲಿ ಸೋವಿಯತ್ ಒಕ್ಕೂಟಕ್ಕೆ ತೆರಳಿ ನೃತ್ಯ ಸಂಯೋಜನೆಯನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದರು. 1964ರಲ್ಲಿ ದೆಹಲಿಯಲ್ಲಿ ನೃತ್ಯ ಸಂಯೋಜನೆಗೆಂದೇ ಸಂಸ್ಥೆಯೊಂದನ್ನು ಆರಂಭಿಸಿ, 1987ರಲ್ಲಿ ಬೆಂಗಳೂರಿಗೆ ಮರಳಿದರು. ನರ್ತಿಸುವುದರ ಜೊತೆಗೆ ನೃತ್ಯವನ್ನು ಕಟ್ಟುವುದೂ ಕಲಿಸಬಹುದಾದ ವಿದ್ಯೆ ಎಂದು ಅವರು ತೋರಿಸಿಕೊಟ್ಟರು. ಪ್ರೊತಿಮಾ ಬೇಡಿ 1990ರಲ್ಲಿ ಹೆಸರಘಟ್ಟದಲ್ಲಿ ಕಟ್ಟಿದ ನೃತ್ಯಗ್ರಾಮ, ಅಲ್ಲಿಯೇ ನೆಲೆಸಿ ಒಡಿಸ್ಸಿ ಕಲಿಯುವ ಗುರುಕುಲವಾಗಿಯೂ ದೇಶ ವಿದೇಶ ಸುತ್ತುವ ತಂಡವಾಗಿಯೂ ಬೆಳೆಯಿತು. ಆದರೆ ಇಂತಹ ತಂಡಗಳು ಬೆರಳೆಣಿಕೆಯಷ್ಟು. ವಿದ್ವತ್ ಮುಗಿಸಿದವರೆಲ್ಲ ಅವುಗಳನ್ನು ನೆಚ್ಚಿ ಕೂರುವಂತಿಲ್ಲ.

ರಂಗಪ್ರವೇಶದ ಲೆಕ್ಕಾಚಾರ

ಕೊನೆಯ ವರ್ಷದಲ್ಲಿ ಕುಟುಂಬವನ್ನು ಕಾಡುವ ದೊಡ್ಡ ಖರ್ಚು ರಂಗಪ್ರವೇಶ. ಹತ್ತೊಂಬತ್ತನೇ ಶತಮಾನದಲ್ಲಿ ತಂಜಾವೂರು ಸಹೋದರರು ರೂಪಿಸಿದ ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ತಿಲ್ಲಾನಗಳ ಕ್ರಮದಲ್ಲಿ ಒಬ್ಬಳೇ ಎರಡು ಗಂಟೆಗೂ ಹೆಚ್ಚು ನರ್ತಿಸುವುದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಅದರ ಸುತ್ತ ಬೆಳೆದಿರುವ ಆಡಂಬರವೇ ಬೇರೆ. ಸಭಾಂಗಣದ ಬಾಡಿಗೆ, ಗಾಯಕರು, ಮೃದಂಗ, ಕೊಳಲು, ಪಿಟೀಲು ಸೇರಿದ ಹಿಮ್ಮೇಳದ ಸಂಭಾವನೆ, ಪೂರ್ವಾಭ್ಯಾಸದ ವೆಚ್ಚ, ರೇಷ್ಮೆ ಉಡುಪುಗಳು, ಪ್ರಸಾಧನ, ಆಹ್ವಾನ ಪತ್ರಿಕೆ, ವಿಡಿಯೋ, ಊಟ. ಎಲ್ಲ ಸೇರಿ ಲೆಕ್ಕ ಲಕ್ಷಗಳನ್ನು ದಾಟುತ್ತದೆ.

ವಿದ್ವತ್ ಪರೀಕ್ಷೆಗೆ ರಂಗಪ್ರವೇಶ ಕಡ್ಡಾಯವಲ್ಲ ಎಂಬುದನ್ನು ಪೋಷಕರು ತಿಳಿದಿರಬೇಕು. ಸಾಲ ಮಾಡಿ ಒಂದು ಸಂಜೆಯನ್ನು ವೈಭವದಿಂದ ಕಳೆಯುವುದಕ್ಕಿಂತ, ಅದೇ ಹಣದ ಒಂದು ಭಾಗದಲ್ಲಿ ದೇವಸ್ಥಾನದ ಉತ್ಸವ, ಶಾಲಾ ವೇದಿಕೆ, ಊರಹಬ್ಬಗಳಲ್ಲಿ ಹತ್ತಾರು ಬಾರಿ ನರ್ತಿಸುವುದು ವೃತ್ತಿಗೆ ಹೆಚ್ಚು ಸಹಾಯಕ. ರಂಗಪ್ರವೇಶದ ನಂತರವೂ ಹಲವೆಡೆ ಹೊಸಬರಿಗೆ ಸಂಭಾವನೆ ಸಿಗುವುದಿಲ್ಲ, ಹಿಮ್ಮೇಳದ ಖರ್ಚನ್ನೂ ಕಲಾವಿದೆಯೇ ಭರಿಸಬೇಕಾಗುತ್ತದೆ.

ನೆರವಿನ ಬಾಗಿಲುಗಳು

ಕೊನೆಯ ವರ್ಷದಲ್ಲಿರುವವರು ಗಮನಿಸಬೇಕಾದ ಕೆಲವು ಅವಕಾಶಗಳು ಹೀಗಿವೆ:

* ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ: 18ರಿಂದ 25 ವರ್ಷದವರಿಗೆ, ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ. ಗುರುವಿನ ಬಳಿ ಕನಿಷ್ಠ ಐದು ವರ್ಷ ಕಲಿತಿರಬೇಕು.

* ದೂರದರ್ಶನದ ಶ್ರೇಣಿ: ಆಯ್ಕೆ ಪರೀಕ್ಷೆಯಲ್ಲಿ ತೇರ್ಗಡೆಯಾದ ಕಲಾವಿದರಿಗೆ ಬಿ, ಎ ಮುಂತಾದ ಶ್ರೇಣಿಗಳು ದೊರೆಯುತ್ತವೆ. ಕಾರ್ಯಕ್ರಮ ಸಂಘಟಕರು ಇದನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ.

* ಪ್ರದರ್ಶಕ ಕಲೆಗಳಲ್ಲಿ ಪದವಿ ಮತ್ತು ಸ್ನಾತಕೋತ್ತರ ಪದವಿ: ಕಾಲೇಜು ಅಧ್ಯಾಪಕರಾಗಬಯಸುವವರಿಗೆ ವಿದ್ವತ್ ಪ್ರಮಾಣಪತ್ರವೊಂದೇ ಸಾಲದು. ಸ್ನಾತಕೋತ್ತರ ಪದವಿಯ ನಂತರ ಎನ್‌ಇಟಿ ಬರೆಯಬಹುದು. ಅದರಲ್ಲಿ ನೃತ್ಯವೂ ಸೇರಿದ ಪ್ರದರ್ಶಕ ಕಲೆಗಳ ವಿಷಯವಿದೆ.

* ಶಾಲೆಗಳ ನೃತ್ಯ ಶಿಕ್ಷಕ ವೃತ್ತಿ: ಅವಕಾಶಗಳು ಹೆಚ್ಚಾಗಿ ಖಾಸಗಿ ಶಾಲೆಗಳಲ್ಲಿವೆ. ಸರ್ಕಾರಿ ಶಾಲೆಗಳಲ್ಲಿ ಇಂತಹ ಹುದ್ದೆಗಳು ವಿರಳ.

ಈ ಕೊನೆಯ ವೃತ್ತಿಗೆ ಬೇಕಾದ ಸಿದ್ಧತೆಯನ್ನು ಕೊನೆಯ ವರ್ಷದಲ್ಲಿಯೇ ಮಾಡಿಕೊಳ್ಳಬಹುದು. ಗುರುಗಳ ಅನುಮತಿ ಪಡೆದು ಕಿರಿಯರ ತರಗತಿಗೆ ಅಡವು ಹೇಳಿಕೊಡುವುದು, ತಾಳ ಹಿಡಿದು ನಟುವಾಂಗ ಮಾಡುವುದನ್ನು ಕಲಿಯುವುದು, ಎಂಟು ವರ್ಷದ ಮಗುವಿನ ಮಂಡಿಗೆ ಎಷ್ಟು ಭಾರ ಹಾಕಬಹುದೆಂದು ಅರಿಯುವುದು. ನಟುವಾಂಗ ಬಲ್ಲ ನರ್ತಕಿಗೆ ತಾನು ಕುಣಿಯದ ದಿನವೂ ವೇದಿಕೆಯಲ್ಲಿ ಕೆಲಸವಿರುತ್ತದೆ.

ಸಾದಲಿಯಿಂದ ನೋಡಿದಾಗ

ಹಿಮ್ಮೇಳದವರು, ಪ್ರಸಾಧನ ಕಲಾವಿದರು, ಸಭೆಗಳು, ಹಿರಿಯ ಗುರುಗಳು ಬಹುಪಾಲು ಬೆಂಗಳೂರಿನಲ್ಲಿದ್ದಾರೆ. ಸಾದಲಿಯ ವಿದ್ಯಾರ್ಥಿನಿ ಮೊದಲು ಶಿಡ್ಲಘಟ್ಟಕ್ಕೆ ಬಂದು, ಅಲ್ಲಿಂದ ರಾಜಧಾನಿ ತಲುಪಬೇಕು. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಬಸ್ ಖರ್ಚನ್ನು ಇಳಿಸಿತು. ಆದರೆ ಸಂಜೆ ತಡವಾಗಿ ಮುಗಿಯುವ ತಾಲೀಮಿನ ನಂತರ ಊರು ಸೇರುವ ಚಿಂತೆಯನ್ನು ಯಾವ ಉಚಿತ ಟಿಕೆಟ್ಟೂ ನೀಗಿಸದು.

ಇಲ್ಲಿನ ಮನೆಗಳ ದಿನಚರಿಯೂ ಬೇರೆ. ನಾಲ್ಕನೇ ಜ್ವರದಿಂದ ಎದ್ದ ರೇಷ್ಮೆಹುಳುಗಳಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು. ಹುಳು ಹಣ್ಣಾದಾಗ ಚಂದ್ರಿಕೆಗೆ ಬಿಡಲು ಮನೆಮಂದಿಯೆಲ್ಲ ಕೈಹಚ್ಚಬೇಕು. ಬೆಳೆಯ ಆ ವಾರವೂ ಪರೀಕ್ಷೆಯ ತಾಲೀಮಿನ ವಾರವೂ ಒಂದೇ ಆದರೆ ಮಗಳು ಎಲ್ಲಿರಬೇಕು? ನಗರದ ವಿದ್ಯಾರ್ಥಿನಿಗೆ ಎದುರಾಗದ ಪ್ರಶ್ನೆಯಿದು. ನರ್ತಕಿಯರು ಉಡುವ ರೇಷ್ಮೆಯ ನೂಲಿಗೆ ಹೆಸರಾದ ತಾಲೂಕಿನಲ್ಲಿಯೇ ಆ ಉಡುಪು ತೊಟ್ಟು ವೃತ್ತಿಗಿಳಿಯುವುದು ಇಷ್ಟು ಕಷ್ಟವಾಗಿರುವುದು ವಿಪರ್ಯಾಸ.

ಹೀಗಿದ್ದೂ ಹೋಬಳಿಯ ವಿದ್ಯಾರ್ಥಿನಿಗೆ ಒಂದು ಅನುಕೂಲವಿದೆ. ಬೆಂಗಳೂರಿನ ಬಡಾವಣೆಗಳಲ್ಲಿ ನೃತ್ಯಶಾಲೆಗಳಿಗೆ ಕೊರತೆಯಿಲ್ಲ. ಹೋಬಳಿಯಲ್ಲಿ ವಿದ್ವತ್ ಮುಗಿಸಿದ ಶಿಕ್ಷಕಿ ಅಪರೂಪ. ಸುತ್ತಲಿನ ನಾಲ್ಕಾರು ಶಾಲೆಗಳು ಸೇರಿ ವಾರಕ್ಕೆ ಒಂದೊಂದು ದಿನ ಪಾಠಕ್ಕೆ ಕರೆದು ನ್ಯಾಯವಾದ ಸಂಬಳ ನೀಡಿದರೆ, ಆಕೆ ಊರಿನಲ್ಲಿಯೇ ನೆಲೆ ನಿಲ್ಲಬಹುದು. ಮುಂದಿನ ಮಗು ಮೊದಲ ಅಡವು ಕಲಿಯಲು ರಾಜಧಾನಿಯ ಬಸ್ಸು ಹತ್ತಬೇಕಾಗುವುದಿಲ್ಲ. ವಿದ್ಯಾರ್ಥಿನಿಯ ಕೈಗೆ ಪ್ರಮಾಣಪತ್ರ ಕೊಡುವ ಹೊಣೆಯನ್ನು ವಿಶ್ವವಿದ್ಯಾಲಯ ಹೊತ್ತಿದೆ. ಆ ವಿದ್ಯೆಗೆ ಕೂಲಿ ಕೊಡುವ ಹೊಣೆ ಶಾಲಾ ಆಡಳಿತ ಮಂಡಳಿಗಳ, ಸರ್ಕಾರದ ಮತ್ತು ಮಕ್ಕಳಿಗೆ ನೃತ್ಯ ಬೇಕೆನ್ನುವ ಪೋಷಕರ ಮೇಲಿದೆ.