ಚಂದ್ರನ ಮೇಲೆ ಮನುಷ್ಯನು ಇಳಿದುದು ನಿಜವೇ?

ಹುಣ್ಣಿಮೆಯ ರಾತ್ರಿ ಹರಿಹರದ ತುಂಗಭದ್ರಾ ತೀರದಲ್ಲಿ ನಾಲ್ವರು ಕೂಡಿದರೆ, ಇಲ್ಲವೆ ದಾವಣಗೆರೆಯ ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ ಇಬ್ಬರು ಕುಳಿತರೆ, ಒಂದು ಪ್ರಶ್ನೆಯು ತಲೆಯೆತ್ತುವುದುಂಟು: ಅಮೆರಿಕದವರು ಚಂದ್ರನ ಮೇಲೆ ಇಳಿದುದು ನಿಜವೋ, ಸ್ಟುಡಿಯೋದಲ್ಲಿ ಆಡಿದ ನಾಟಕವೋ? ಓದುಬರಹ ಬಲ್ಲ ಮಹನೀಯರೂ ಈ ಸಂದೇಹವನ್ನು ಆಡುತ್ತಿರುವುದರಿಂದ ಅದನ್ನು ನಕ್ಕು ಬಿಡುವುದು ತರವಲ್ಲ. ಸಂದೇಹಪಡುವುದು ಬುದ್ಧಿಯ ಲಕ್ಷಣ. ಉತ್ತರವನ್ನು ಅರಸದೆ ಸಂದೇಹದಲ್ಲಿಯೇ ನೆಲೆಸುವುದು ಆಲಸ್ಯದ ಲಕ್ಷಣ.

ಹರಿಹರೇಶ್ವರನ ದೇವಾಲಯವನ್ನು ಹೊಯ್ಸಳರ ದಂಡನಾಥನಾದ ಪೋಲಾಳ್ವನು 13ನೆಯ ಶತಮಾನದ ಆದಿಭಾಗದಲ್ಲಿ ಕಟ್ಟಿಸಿದನೆಂದು ನಾವೆಲ್ಲರೂ ನಂಬಿರುವೆವು. ಆ ಕೆಲಸವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಯಾರಿರುವರು? ಆದರೆ ಶಾಸನವಿದೆ, ಕಲ್ಲಿದೆ, ಕಟ್ಟಡದ ಶೈಲಿಯು ಕಾಲಕ್ಕೆ ಒಪ್ಪುತ್ತದೆ. ಒಂದು ಸಾಕ್ಷಿಯನ್ನು ಇನ್ನೊಂದು ಎತ್ತಿಹಿಡಿಯುತ್ತದೆ. ಚಂದ್ರಯಾತ್ರೆಯನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡೋಣ.

ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್ ಎಂಬವರು ಚಂದ್ರನ ಮೇಲೆ ಇಳಿದುದು ನಮ್ಮ ಗಡಿಯಾರದಂತೆ 1969ನೆಯ ಜುಲೈ 21ರ ನಸುಕಿನಲ್ಲಿ. 1972ರ ಡಿಸೆಂಬರದವರೆಗೆ 6 ಯಾತ್ರೆಗಳಲ್ಲಿ 12 ಮಂದಿ ಅಲ್ಲಿ ನಡೆದಾಡಿ, 382 ಕಿಲೋಗ್ರಾಂ ಕಲ್ಲುಮಣ್ಣುಗಳನ್ನು ತಂದರು. ಅವುಗಳ ಪಾಲುಗಳನ್ನು ಅನೇಕ ದೇಶಗಳಿಗೆ ಪರೀಕ್ಷೆಗಾಗಿ ಕೊಡಲಾಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಪರೀಕ್ಷಿಸಿದರು. ಅಮೆರಿಕದ ಪ್ರತಿಸ್ಪರ್ಧಿಯಾಗಿದ್ದ ರಷ್ಯವು 1970ರಲ್ಲಿ ಲೂನಾ 16 ಎಂಬ ಮನುಷ್ಯರಹಿತ ಯಂತ್ರದ ಮೂಲಕ ತಾನೂ ಚಂದ್ರನ ಮಣ್ಣನ್ನು ತಂದಿತು. ಮೋಸವಿದ್ದಿದ್ದರೆ ಅದನ್ನು ಬಯಲಿಗೆಳೆಯಲು ರಷ್ಯಕ್ಕಿಂತ ಆತುರಪಡುವವರು ಯಾರಿದ್ದರು? ಅದು ಹಾಗೆ ಮಾಡಲಿಲ್ಲ.

ಇನ್ನು ಆಕ್ಷೇಪಣೆಗಳು. ಗಾಳಿಯಿಲ್ಲದೆಡೆ ಧ್ವಜವು ಅಲುಗಿದುದು ಹೇಗೆ? ಅದರ ಮೇಲಂಚಿಗೆ ಅಡ್ಡಗೋಲನ್ನು ಪೋಣಿಸಿದ್ದರು. ಕಂಬವನ್ನು ನೆಲಕ್ಕೆ ತಿರುಚಿ ನಾಟುವಾಗ ಬಟ್ಟೆಯು ಓಲಾಡಿತು. ತಡೆಯುವ ಗಾಳಿಯಿಲ್ಲದುದರಿಂದ ಆ ಓಲಾಟವು ಬೇಗನೆ ಅಡಗಲಿಲ್ಲ. ಚಿತ್ರಗಳಲ್ಲಿ ನಕ್ಷತ್ರಗಳೇಕಿಲ್ಲ? ಅಲ್ಲಿ ಆಗ ಹಗಲು. ಬಿಸಿಲಿಗೆ ಬೆಳಗುವ ನೆಲಕ್ಕೆ ಹೊಂದಿಸಿದ ಕ್ಯಾಮರಾದಲ್ಲಿ ಮಂದವಾದ ನಕ್ಷತ್ರಗಳು ಮೂಡಲಾರವು. 1972ರ ತರುವಾಯ ಅರ್ಧ ಶತಮಾನ ಕಳೆದರೂ ಮತ್ತೆ ಯಾರೂ ಇಳಿಯಲಿಲ್ಲವೇಕೆ? ಪಂದ್ಯವನ್ನು ಗೆದ್ದ ಮೇಲೆ ಅಮೆರಿಕವು ಹಣದ ಕೈಯನ್ನು ಹಿಡಿಯಿತು. ಗೊತ್ತುಮಾಡಿದ್ದ ಕೊನೆಯ 3 ಯಾತ್ರೆಗಳನ್ನು 1970ರಲ್ಲಿಯೇ ರದ್ದುಪಡಿಸಿತು. ದಾವಣಗೆರೆಯ ಹತ್ತಿಯ ಗಿರಣಿಗಳು ಅನೇಕವು ಮುಚ್ಚಿದುವು. ಆದಕಾರಣ ಅಲ್ಲಿ ಬಟ್ಟೆಯನ್ನು ನೇಯ್ದೇ ಇರಲಿಲ್ಲವೆಂದು ಯಾರಾದರೂ ಹೇಳಿಯಾರೇ?

ಅಭಿಮಾನದಿಂದ ಹುಟ್ಟಿದ ತಪ್ಪು ಕಲ್ಪನೆಗಳೂ ಉಂಟು. ರಾಕೇಶ ಶರ್ಮರು ಚಂದ್ರನಿಗೆ ಹೋಗಿ ಬಂದರೆಂದು ಹೇಳುವವರಿರುವರು. ಅವರು 1984ರಲ್ಲಿ ಏರಿದುದು ಭೂಮಿಯನ್ನು ಸುತ್ತುತ್ತಿದ್ದ ಸಲ್ಯೂಟ್ 7 ನಿಲ್ದಾಣವನ್ನು. 2023ನೆಯ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದ ಸಮೀಪಕ್ಕೆ ಇಳಿದ ನಮ್ಮ ವಿಕ್ರಮದಲ್ಲಿಯೂ ಮನುಷ್ಯರಿರಲಿಲ್ಲ. ಸಾಧಿಸದುದನ್ನು ಸಾಧಿಸಿದೆವೆನ್ನುವುದು ಸಾಧಿಸಿದುದಕ್ಕೆ ಮಾಡುವ ಅಪಚಾರ.

ಇಷ್ಟಾದರೂ, “ಇದೆಲ್ಲ ಪರರ ಮಾತು” ಎನ್ನುವವರಿಗೆ ನಮ್ಮದೇ ಒಂದು ಸಾಕ್ಷಿಯಿದೆ. 2019ರಲ್ಲಿ ಹಾರಿದ ಚಂದ್ರಯಾನ 2ರ ನೌಕೆಯು ಚಂದ್ರನನ್ನು ಸುತ್ತುತ್ತ, 2021ರಲ್ಲಿ ಆರ್ಮ್‌ಸ್ಟ್ರಾಂಗರು ಇಳಿದ ಸ್ಥಳವನ್ನು ಚಿತ್ರಿಸಿತು. ಅವರು ಅಲ್ಲಿ ಬಿಟ್ಟುಬಂದ ವಾಹನದ ಕೆಳಭಾಗವು ಅದರಲ್ಲಿ ಕಾಣುತ್ತದೆ. ಈ ನೌಕೆಯನ್ನು ನಡೆಸಿದವರು ಬೆಂಗಳೂರಿನವರು. ಅದರ ಸಂಜ್ಞೆಗಳನ್ನು ಆಲಿಸಿದುದು ಬೆಂಗಳೂರಿನ ಬಳಿಯ ಬ್ಯಾಲಾಳು ಗ್ರಾಮದ ಹಿರಿಯ ಆಂಟೆನಾ. ಮುಂದೆ 2023ರಲ್ಲಿ, ಇಳಿದು ನಿಂತ ವಿಕ್ರಮವನ್ನು ಮೇಲಿನಿಂದ ಚಿತ್ರಿಸಿದುದೂ ಅದೇ ಕ್ಯಾಮರಾ. 2019ರಲ್ಲಿ ಮೊದಲನೆಯ ವಿಕ್ರಮವು ಇಳಿಯಲಾರದೆ ಅಪ್ಪಳಿಸಿದಾಗ, ಸೋಲನ್ನು ಜಗತ್ತಿನ ಮುಂದೆ ಒಪ್ಪಿಕೊಂಡವರೂ ಅವರೇ.

ನಮ್ಮ ವಿಕ್ರಮವನ್ನು ಕಂಡ ಕಣ್ಣನ್ನು ನಂಬಿ, ಅದೇ ಕಣ್ಣು ಅಮೆರಿಕದ ವಾಹನವನ್ನು ಕಂಡಾಗ ಸಂದೇಹಿಸುವುದು ನ್ಯಾಯವೆನಿಸದು. ಪರರ ಸಾಧನೆಯನ್ನು ಸಾಕ್ಷಿಯ ಬಲದಿಂದ ಒಪ್ಪಿಕೊಳ್ಳುವ ಜನಕ್ಕೆ ಮಾತ್ರ, ನಾಳೆ ತನ್ನ ಸಾಧನೆಯನ್ನು ಪರರು ಒಪ್ಪಬೇಕೆಂದು ಕೇಳುವ ಅಧಿಕಾರವುಂಟು.