ನೆಗಡಿಯ ಮರೆಯಲ್ಲಿ ದೊಡ್ಡರೋಗ

ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಎಂದು ಗಾದೆ ಹೇಳುತ್ತಲೇ ನಾವು ನೆಗಡಿಯನ್ನು ಲೆಕ್ಕಕ್ಕೆ ಇಡುವುದಿಲ್ಲ. ಮೂಗು ಕಟ್ಟಿದರೆ ಮೆಣಸಿನ ಕಷಾಯ, ಅದಕ್ಕೂ ಜಗ್ಗದಿದ್ದರೆ ಬಿಸಿನೀರಿನ ಹಬೆ, ಆಮೇಲೆ ಮೆಡಿಕಲ್ ಸ್ಟೋರಿನ ಮಾತ್ರೆ. ಡಾಕ್ಟರ ಮುಂದೆ ಕೂತು ಮೂಗು ತೋರಿಸುವ ಹೊತ್ತಿಗೆ ತಿಂಗಳುಗಳು ಉರುಳಿರುತ್ತವೆ. ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿರುವ ಯಳಂದೂರು ತಾಲ್ಲೂಕಿನಲ್ಲಿ ಒಂದು ಕಾಲಕ್ಕೆ ಈ ಅಸಡ್ಡೆ ದುಬಾರಿಯಾಗಿತ್ತು. ಬಿಡದೆ ಕಾಡುವ ನೆಗಡಿಯ ಹಿಂದೆ ಅಲ್ಲಿ ಕೆಲವೊಮ್ಮೆ ಕುಷ್ಠ ಇರುತ್ತಿತ್ತು.

ಕುಷ್ಠವೆಂದರೆ ನಮ್ಮ ಕಣ್ಣ ಮುಂದೆ ಬರುವುದು ಮೊಂಡಾದ ಬೆರಳು, ಕಾಲಿಗೆ ಸುತ್ತಿದ ಬಟ್ಟೆ, ಚರ್ಮದ ಮೇಲೆ ಜೋಮು ಹಿಡಿದ ಮಚ್ಚೆ. ಮೂಗಿನ ಮಾತೇ ಬರುವುದಿಲ್ಲ. ಯಳಂದೂರಿನಲ್ಲಿ ಈ ರೋಗವನ್ನು ಹಿಮ್ಮೆಟ್ಟಿಸಿದ ಕರುಣಾ ಟ್ರಸ್ಟ್ ಬಗ್ಗೆ ಬರೆಯಲು ಹೊರಟ ನನ್ನನ್ನು ಅರ್ಧ ದಾರಿಯಲ್ಲಿ ಹಿಡಿದು ನಿಲ್ಲಿಸಿದ್ದು ಮಾತ್ರ ಮೂಗು.

ಸಂಸ್ಥೆಯ ಕಥೆ ಬಹಳ ಜನಕ್ಕೆ ಗೊತ್ತಿರುವುದೇ. ಬೆಂಗಳೂರು ಮೆಡಿಕಲ್ ಕಾಲೇಜಿನಿಂದ 1973ರಲ್ಲಿ ಹೊರಬಂದ ಡಾ. ಎಚ್. ಸುದರ್ಶನ್ ರಾಮಕೃಷ್ಣ ಮಿಷನ್ನಿನ ಆಸ್ಪತ್ರೆಗಳಲ್ಲಿ ದುಡಿದು, ಕೊನೆಗೆ ಬೆಟ್ಟದ ಸೋಲಿಗರ ನಡುವೆ ನೆಲೆಯೂರಿದರು. ಬೆಟ್ಟದ ದೇವರು ರಂಗನಾಥನನ್ನು ತಮ್ಮ ಕುಲದ ಹೆಣ್ಣು ಕುಸುಮಾಲೆಯ ಗಂಡನೆಂದು, ‘ರಂಗ ಭಾವ’ ಎಂದು ಸಲುಗೆಯಿಂದ ಕರೆಯುವ ಜನ ಅವರು. ಹೊರಗಿನ ಡಾಕ್ಟರನ್ನು ಅಷ್ಟು ಸುಲಭಕ್ಕೆ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹಾವು ಕಚ್ಚಿದವರು, ಕರಡಿ ಪರಚಿದವರು ಒಬ್ಬೊಬ್ಬರಾಗಿ ಬಂದು ಗುಣವಾಗಿ ಹೋದ ಮೇಲೆ ನಂಬಿಕೆ ಹುಟ್ಟಿತು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯಿತು. ಆಸ್ಪತ್ರೆಯ ಜೊತೆಗೆ ಶಾಲೆ, ಕಸುಬು ಕಲಿಸುವ ಕೇಂದ್ರ ಎಲ್ಲ ಬಂದವು. ಸುದರ್ಶನ್ ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ.

ಬೆಟ್ಟದಿಂದ ಇಳಿದರೆ ಸಿಗುವ ಯಳಂದೂರು ಬೇರೆಯದೇ ಲೋಕ. ಸುವರ್ಣಾವತಿಯ ಬಯಲು, ಭತ್ತದ ಗದ್ದೆ, ಸಂಚಿಯ ಹೊನ್ನಮ್ಮನ ಊರು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ್ದ ನಾಡು. ಆ ಬಯಲಿನ ಹಳ್ಳಿಗಳಲ್ಲಿ ಕುಷ್ಠ ಬೇರುಬಿಟ್ಟಿತ್ತು. ಅದಕ್ಕೆಂದೇ 1986ರಲ್ಲಿ ಸುದರ್ಶನ್ ಅವರ ಕರುಣಾ ಟ್ರಸ್ಟ್ ಹುಟ್ಟಿತು. ಹೊಸದಾಗಿ ಬಂದಿದ್ದ ಬಹುಔಷಧ ಚಿಕಿತ್ಸೆಯನ್ನು, ಎಲ್ಲರ ಬಾಯಲ್ಲಿರುವ ಎಂಡಿಟಿಯನ್ನು, ಮನೆಮನೆಗೆ ಒಯ್ದಿತು. ಹತ್ತು ವರ್ಷದ ಬಳಿಕ, 1996ರಲ್ಲಿ, ಯಳಂದೂರಿನಿಂದ ಬೆಟ್ಟಕ್ಕೆ ಹೋಗುವ ದಾರಿಯ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ ಇದೇ ಟ್ರಸ್ಟಿಗೆ ವಹಿಸಿತು. ಸರ್ಕಾರಿ ಪಿಎಚ್‌ಸಿಯೊಂದನ್ನು ಸ್ವಯಂಸೇವಾ ಸಂಸ್ಥೆ ನಡೆಸುವ ಪ್ರಯೋಗಕ್ಕೆ ಗುಂಬಳ್ಳಿಯೇ ಮಾದರಿಯಾಯಿತು. ಮುಂದೆ ಅರುಣಾಚಲ ಪ್ರದೇಶದವರೆಗೂ ಹೋದ ಕೆಲಸಕ್ಕೆ ಬುನಾದಿ ಬಿದ್ದದ್ದು ಈ ಸಣ್ಣ ಊರಿನಲ್ಲಿ.

ಇನ್ನು ಮೂಗಿನ ವಿಷಯ.

ಕುಷ್ಠದ ರೋಗಾಣುವನ್ನು ನಾರ್ವೆಯ ಗೆರ್ಹಾರ್ಡ್ ಹ್ಯಾನ್ಸನ್ ಕಂಡದ್ದು 1873ರಲ್ಲಿ. ಅಂದಿನಿಂದ ಇಂದಿನವರೆಗೆ ಅದನ್ನು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಲು ಯಾರಿಗೂ ಆಗಿಲ್ಲ. ಒಂದು ಎರಡಾಗಲು ಸುಮಾರು ಎರಡು ವಾರ ಹಿಡಿಯುವ ಸೋಮಾರಿ ಅದು. ಮೈಯ ಒಳಗಿನ ಬಿಸಿ ಅದಕ್ಕೆ ಹಿತವಲ್ಲ. ತಣ್ಣಗಿರುವ ಜಾಗಗಳನ್ನು ಹುಡುಕುತ್ತದೆ: ಕಿವಿಯ ಹಾಲೆ, ಚರ್ಮದಡಿಯಲ್ಲಿ ಹಾದುಹೋಗುವ ನರಗಳು, ಕಣ್ಣಿನ ಮುಂಭಾಗ, ಮತ್ತು ಮೂಗಿನ ಒಳಪದರ. ಹಗಲಿರುಳೂ ಹೊರಗಿನ ಗಾಳಿ ಆಡುವ ಮೂಗಿಗಿಂತ ತಂಪಾದ ಜಾಗ ಮೈಯಲ್ಲಿ ಇನ್ನೆಲ್ಲಿ ಸಿಗಬೇಕು? ರೋಗ ತೀವ್ರವಾಗಿರುವವರಲ್ಲಿ, ಅಂದರೆ ಮೈತುಂಬ ರೋಗಾಣು ಇರುವ ಬಗೆಯಲ್ಲಿ, ಚರ್ಮದ ಮೇಲೆ ಏನೂ ಎದ್ದು ಕಾಣದಿರುವಾಗಲೇ ಮೂಗಿನೊಳಗೆ ಗುರುತುಗಳು ಮೂಡಬಹುದು.

ರೋಗ ಹರಡುವುದೂ ಹೆಚ್ಚಾಗಿ ಅಲ್ಲಿಂದಲೇ. ಶತಮಾನಗಳ ಕಾಲ ಜನ ಹೆದರಿದ್ದು ಮುಟ್ಟುವುದಕ್ಕೆ. ನಿಜಾಮಾಬಾದ್ ಬಳಿಯ ಡಿಚ್‌ಪಲ್ಲಿ ಕುಷ್ಠ ಆಸ್ಪತ್ರೆಯಲ್ಲಿ ದುಡಿದ ಟಿ.ಎಫ್. ಡೇವಿ, ಲಂಡನ್ನಿನ ಆರ್.ಜೆ.ಡಬ್ಲ್ಯು. ರೀಸ್ ಜೊತೆ ಸೇರಿ ರೋಗಿಗಳ ಸಿಂಬಳವನ್ನು ಪರೀಕ್ಷಿಸಿ 1974ರಲ್ಲಿ ಒಂದು ಲೆಕ್ಕ ಕೊಟ್ಟರು. ಔಷಧ ಕಾಣದ ತೀವ್ರ ರೋಗಿಯ ಮೂಗಿನಿಂದ ದಿನಕ್ಕೆ ಒಂದು ಕೋಟಿಯವರೆಗೆ ಜೀವಂತ ರೋಗಾಣುಗಳು ಹೊರಬೀಳಬಹುದು. ಸೀನು, ಸಿಂಬಳ, ಒಂದೇ ಗುಡಿಸಲಿನ ಗಾಳಿ. ಕೈಕುಲುಕಿದವನಿಗೆ ರೋಗ ಬರುತ್ತದೆಂದು ರೋಗಿಯನ್ನು ಊರಾಚೆ ಅಟ್ಟುತ್ತಿದ್ದ ಜನ, ನೆಗಡಿ ಎಂದು ಮೂಗೊರೆಸಿಕೊಳ್ಳುವವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಉಂಡರು. ಹಾಗೆ ಉಂಡವರಲ್ಲೂ ಬಹುಪಾಲು ಜನಕ್ಕೆ ಏನೂ ಆಗಲಿಲ್ಲ. ನೂರಕ್ಕೆ ತೊಂಬತ್ತೈದು ಮಂದಿಗೆ ಈ ರೋಗವನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ.

ಕುಷ್ಠ ನಿಯಂತ್ರಣದ ಕೆಲಸದಲ್ಲಿ ಸೈಕಲ್ ತುಳಿದು ನಿವೃತ್ತರಾದ ಹಿರಿಯರೊಬ್ಬರು ಕೊಳ್ಳೇಗಾಲದಲ್ಲಿ ಸಿಕ್ಕರು. ಮೂಗಿನ ಮಾತೆತ್ತಿದ್ದೇ ಅವರು. ರೋಗದ ಹೆಸರನ್ನು ಮನೆಯ ಬಾಗಿಲಲ್ಲಿ ನಿಂತು ಹೇಳುವ ಹಾಗಿರಲಿಲ್ಲವಂತೆ. ‘ದೊಡ್ಡರೋಗ’ ಎಂಬ ಮಾತು ಕಿವಿಗೆ ಬಿದ್ದರೆ ಆ ಮನೆಯ ಹೆಣ್ಣಿಗೆ ಗಂಡು ಸಿಗದು. ಅದಕ್ಕೇ ಅವರು ನೆಗಡಿಯಿಂದ ಮಾತು ಶುರುಮಾಡುತ್ತಿದ್ದರು. “ಏನೂ ಇಲ್ಲ ಬುದ್ದಿ, ನೆಗ್ಡಿ ಅಷ್ಟೇಯ” ಎಂಬ ಉತ್ತರ ಬಂದರೆ ಜಗುಲಿಯ ಮೇಲೆ ಕೂತೇಬಿಡುತ್ತಿದ್ದರು. ಎಷ್ಟು ದಿನದಿಂದ? ಸೀದಿದರೆ ರಕ್ತ ಬರುತ್ತದೆಯೇ? ಬೆಳಗ್ಗೆ ಮೂಗಿನಿಂದ ಹಕ್ಕಳೆ ಕಿತ್ತು ಬರುತ್ತದೆಯೇ? ಒಲೆಯ ಮೇಲಿನ ಸಾರಿಗೆ ಒಗ್ಗರಣೆ ಬಿದ್ದದ್ದು ನಡುಮನೆಯಲ್ಲಿದ್ದರೆ ಗೊತ್ತಾಗುತ್ತದೆಯೇ? ಈ ನಾಲ್ಕರ ಉತ್ತರವೂ ಒಂದೇ ಕಡೆಗೆ ಬೊಟ್ಟು ಮಾಡಿದರೆ ಚೀಲದಿಂದ ಟಾರ್ಚು ಹೊರಗೆ ಬರುತ್ತಿತ್ತು.

ನೋಡುವ ಬಗೆಯನ್ನು ಅವರು ನನ್ನ ಮೇಲೆಯೇ ಮಾಡಿ ತೋರಿಸಿದರು. ಕುರ್ಚಿಯನ್ನು ಬೆಳಕಿಗೆ ಎಳೆದು, ಎಡಗೈ ನನ್ನ ಹಣೆಯ ಮೇಲಿಟ್ಟು, ಹೆಬ್ಬೆರಳಿನಿಂದ ಮೂಗಿನ ತುದಿಯನ್ನು ಮೆಲ್ಲಗೆ ಮೇಲಕ್ಕೆತ್ತಿದರು. ಬಲಗೈಯ ಟಾರ್ಚು ಮೊದಲು ಒಂದು ಹೊಳ್ಳೆ, ಆಮೇಲೆ ಇನ್ನೊಂದು. ಕನ್ನಡಿ ಬೇಡ, ಇಕ್ಕಳ ಬೇಡ. ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗ, ಪಕ್ಕದಲ್ಲಿ ಮಡಿಕೆಯಾಗಿ ಉಬ್ಬಿರುವ ಮಾಂಸದ ತುದಿ, ಈ ಎರಡು ಜಾಗ ಕಂಡರೆ ಸಾಕು ಎಂದರು. ಆರೋಗ್ಯವಾಗಿದ್ದರೆ ಅದು ಕೆಂಪಗೆ, ಒದ್ದೆಯಾಗಿ ಹೊಳೆಯುತ್ತದೆ. ಕುಷ್ಠ ಹೊಕ್ಕಿದ್ದರೆ ದಪ್ಪಗಾಗಿ ಹಳದಿಗೆ ತಿರುಗಿರುತ್ತದೆ. ಮುಂದೆ ಹಕ್ಕಳೆ, ಹಕ್ಕಳೆಯ ಕೆಳಗೆ ಹುಣ್ಣು. ತಡವಾದರೆ ಗೋಡೆಯಲ್ಲಿ ತೂತು. ಒಂದು ಹೊಳ್ಳೆಗೆ ಹಿಡಿದ ಟಾರ್ಚಿನ ಬೆಳಕು ಇನ್ನೊಂದರಲ್ಲಿ ಕಾಣಿಸಿದರೆ ಬೇರೆ ಪರೀಕ್ಷೆ ಏಕೆ ಎಂದು ನಕ್ಕರು.

ಬೇರೆ ಪರೀಕ್ಷೆ ಖಂಡಿತ ಬೇಕು. ಮೂಗು ಗುಮಾನಿ ಹುಟ್ಟಿಸುತ್ತದೆ, ತೀರ್ಪು ಕೊಡುವುದಿಲ್ಲ. ಬಾಲ್‌ಪೆನ್ನಿನ ತುದಿಯಿಂದ ಮಚ್ಚೆಯನ್ನು ಮುಟ್ಟಿ ಸ್ಪರ್ಶ ತಿಳಿಯುತ್ತದೆಯೇ ನೋಡುವುದು, ಮೊಣಕೈ ಹಿಂದಿನ ನರ ದಪ್ಪವಾಗಿದೆಯೇ ಎಂದು ಬೆರಳಾಡಿಸುವುದು, ಕಿವಿಯ ಹಾಲೆಯಿಂದ ತೆಗೆದ ದ್ರವವನ್ನು ಗಾಜಿಗೆ ಬಳಿದು ಸೂಕ್ಷ್ಮದರ್ಶಕದಡಿ ಕೆಂಪು ಕಡ್ಡಿಗಳಂತೆ ಕಾಣುವ ರೋಗಾಣುಗಳನ್ನು ಹುಡುಕುವುದು ಆಮೇಲಿನ ಕೆಲಸ.

ಚಿಕಿತ್ಸೆಯ ಭಾಗ ಚಿಕ್ಕದು, ಅದೇ ಅದರ ಹೆಚ್ಚುಗಾರಿಕೆ. ತಿಂಗಳಿಗೊಮ್ಮೆ ಕಾರ್ಯಕರ್ತರ ಎದುರಿಗೇ ನುಂಗುವ ರಿಫಾಂಪಿಸಿನ್, ದಿನವೂ ಮನೆಯಲ್ಲಿ ನುಂಗುವ ಡ್ಯಾಪ್ಸೋನ್ ಮತ್ತು ಕ್ಲೊಫಾಜಿಮಿನ್. ರೋಗದ ಬಗೆ ನೋಡಿ ಆರು ತಿಂಗಳು ಇಲ್ಲವೇ ಒಂದು ವರ್ಷ. ಎಲ್ಲವೂ ಉಚಿತ. ಶುರುವಾದ ಕೆಲವೇ ದಿನಗಳಲ್ಲಿ ರೋಗಿಯಿಂದ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ಆದರೆ ಕ್ಲೊಫಾಜಿಮಿನ್ ಮೈಬಣ್ಣವನ್ನು ಕಂದುಗೆಂಪಾಗಿಸುತ್ತದೆ. ಮುಚ್ಚಿಟ್ಟ ರೋಗವನ್ನು ಮುಖವೇ ಹೇಳಿಬಿಡುತ್ತದೆಂದು ಮಾತ್ರೆಯನ್ನು ಗದ್ದೆಗೆಸೆದವರ ಮನೆಗೆ ಮತ್ತೆ ಮತ್ತೆ ಹೋಗಬೇಕಾಗುತ್ತಿತ್ತು ಎಂದರು ಹಿರಿಯರು.

ಮೂಗಿಗೆಂದೇ ಮಾಡುವ ಆರೈಕೆ ಇನ್ನೂ ಸರಳ. ಬೆಳಗ್ಗೆ, ಸಂಜೆ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಮೂಗು ತೊಳೆಯುವುದು, ಒಣಗದಂತೆ ಗ್ಲಿಸರಿನ್ ಹನಿ ಬಿಡುವುದು, ಹಕ್ಕಳೆಯನ್ನು ಉಗುರಿನಿಂದ ಕೀಳದಿರುವುದು. ಇಷ್ಟನ್ನು ಬಿಟ್ಟವರಿಗೆ ಏನಾಗುತ್ತಿತ್ತೆಂದು ಕೇಳಿದೆ. ಅವರು ಸ್ವಲ್ಪ ತಡೆದು ಹೇಳಿದರು: ಜೋಮು ಹಿಡಿದ ಮೂಗಿನಲ್ಲಿ ನೊಣ ಮೊಟ್ಟೆಯಿಟ್ಟರೂ ತಿಳಿಯುವುದಿಲ್ಲ. ಮೂಗಿನಿಂದ ಹುಳು ಉದುರಿದಾಗಲೇ ಮನೆಯವರಿಗೆ ಗೊತ್ತು. ಟರ್ಪೆಂಟೈನ್ ಎಣ್ಣೆ ಬಿಟ್ಟು, ಸತ್ತವನ್ನು ಚಿಮ್ಮಟದಿಂದ ಒಂದೊಂದಾಗಿ ತೆಗೆಯಬೇಕು. ಮದ್ದಿಗಿಂತ ಮುಖ್ಯವಾದ ಕೆಲಸ ಆ ಹೊತ್ತಿನಲ್ಲಿ ಮುಖ ತಿರುಗಿಸದಿರುವುದು.

ತೂತು ಬಿದ್ದು, ಒಳಗಿನ ಆಧಾರ ಕರಗಿದ ಮೂಗು ನಡುವೆ ಕುಸಿದು ಕೂರುತ್ತದೆ. ಡೆನ್ಮಾರ್ಕಿನ ನೆಸ್ಟ್‌ವೆಡ್ ಎಂಬಲ್ಲಿ ಮಧ್ಯಯುಗದ ಕುಷ್ಠರೋಗಿಗಳ ಸ್ಮಶಾನವನ್ನು ಅಗೆದ ವಿಲ್ಹೆಲ್ಮ್ ಮೊಲ್ಲರ್ ಕ್ರಿಸ್ಟೆನ್ಸನ್ ತಲೆಬುರುಡೆಗಳನ್ನು ನೋಡಿಯೇ ರೋಗ ಗುರುತಿಸುತ್ತಿದ್ದರು. ಮೂಗಿನ ಕೆಳಗಿನ ಪುಟ್ಟ ಎಲುಬಿನ ಮುಳ್ಳು ಅವುಗಳಲ್ಲಿ ಸವೆದುಹೋಗಿತ್ತು.

ಹೋದ ಮೂಗನ್ನು ಮತ್ತೆ ಕಟ್ಟುವ ವಿದ್ಯೆಗೆ ನಮ್ಮ ಸೀಮೆಯ ಯುದ್ಧವೊಂದರ ನಂಟಿದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿ ಮೂಗು, ಒಂದು ಕೈ ಕಳೆದುಕೊಂಡ. ಮುಂದೆ ಪುಣೆಯ ಕಡೆ ಕುಂಬಾರ ಜಾತಿಯವನೊಬ್ಬ ಹಣೆಯ ಚರ್ಮವನ್ನು ಕೆಳಕ್ಕೆ ಮಗುಚಿ ಅವನಿಗೆ ಮೂಗು ಮಾಡಿಕೊಟ್ಟ. ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ 1794ರಲ್ಲಿ ಅದನ್ನು ಚಿತ್ರಸಮೇತ ಅಚ್ಚುಹಾಕಿತು. ಅದನ್ನು ಅನುಸರಿಸಿ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಇಂಗ್ಲೆಂಡಿನಲ್ಲಿ ಕತ್ತರಿ ಹಿಡಿದ. ಆದರೆ ಕುಷ್ಠದ ಮೂಗಿಗೆ ಹಣೆಯ ಚರ್ಮ ಸಾಮಾನ್ಯವಾಗಿ ಬೇಕಿಲ್ಲ. ಹೊರಗಿನ ಚರ್ಮ ಅಲ್ಲೇ ಇರುತ್ತದೆ. ಒಳಪದರ ಸುರುಟಿಕೊಂಡು ಅದನ್ನು ಒಳಕ್ಕೆ ಎಳೆದಿರುತ್ತದೆ. ಮೇಲ್ತುಟಿಯ ಒಳಗಡೆಯಿಂದ ಕೊಯ್ದು, ಆ ಹಿಡಿತ ಬಿಡಿಸಿ, ತೆಳು ಚರ್ಮ ಸುತ್ತಿದ ಅಚ್ಚನ್ನು ಒಳಗೆ ಕೂರಿಸುವ ಉಪಾಯ ಶಸ್ತ್ರವೈದ್ಯ ಹ್ಯಾರಲ್ಡ್ ಗಿಲೀಸ್ ಅವರದು. ಅವರ ಶಿಷ್ಯ ಡಾ. ಎನ್.ಎಚ್. ಆಂಟಿಯಾ ಪುಣೆಯ ಕೊಂಢ್ವಾದಲ್ಲಿ ಕುಷ್ಠರೋಗಿಗಳಿಗೆ ಮುಖವನ್ನು ಮರಳಿ ಕೊಟ್ಟರು. ಮುಖದ ಮೇಲೆ ಗಾಯದ ಗೆರೆಯೂ ಉಳಿಯುವುದಿಲ್ಲ. ಸಂತೆಗೆ ಹೋಗಲು ಅಂಜುವವನಿಗೆ ಅದಕ್ಕಿಂತ ಇನ್ನೇನು ಬೇಕು!

ಮೂಗಿನ ಎಲ್ಲ ತೊಂದರೆಯೂ ಕುಷ್ಠವಲ್ಲ. ಒಲೆಯ ಹೊಗೆ, ಸುಗ್ಗಿಯ ಧೂಳಿಗೆ ಕೆರಳುವ ಅಲರ್ಜಿ, ಹಣೆ ಭಾರವಾಗಿಸುವ ಸೈನಸ್ ಕೀವು ಎಲ್ಲೆಡೆ ಇದ್ದದ್ದೇ. ಕೆರೆನೀರಿನಲ್ಲಿ ಮೀಯುವವರ ಮೂಗಿನಲ್ಲಿ ಕೆಂಪಗೆ ಹಣ್ಣಿನಂತೆ ಬೆಳೆದು ರಕ್ತ ಸುರಿಸುವ ರೈನೊಸ್ಪೊರಿಡಿಯಾಸಿಸ್ ಗೆಡ್ಡೆ ದಕ್ಷಿಣ ಭಾರತದ ಇಎನ್‌ಟಿ ವೈದ್ಯರಿಗೆ ಹಳೆಯ ಪರಿಚಯ. ಇವಕ್ಕೆ ಎಂಡೋಸ್ಕೋಪ್, ಸಿಟಿ ಸ್ಕ್ಯಾನ್ ಬೇಕಾದರೆ ಚಾಮರಾಜನಗರದ ಮೆಡಿಕಲ್ ಕಾಲೇಜು ಇಲ್ಲವೇ ಮೈಸೂರಿನ ಕೆ.ಆರ್. ಆಸ್ಪತ್ರೆ.

ಯಳಂದೂರಿನಲ್ಲಿ ಕುಷ್ಠ ಇಳಿಯಿತು. ದೇಶವೂ 2005ರ ಡಿಸೆಂಬರಿನಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ಎಂಬ ಗುರಿ ಮುಟ್ಟಿ, ರೋಗ ತೊಲಗಿತೆಂದು ನಿಟ್ಟುಸಿರುಬಿಟ್ಟಿತು. ಕುಷ್ಠರೋಗಿಗಳನ್ನು ಕೂಡಿಹಾಕುತ್ತಿದ್ದ 1898ರ ಕಾಯ್ದೆ 2016ರಲ್ಲಿ ಹೋಯಿತು. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿಸುತ್ತಿದ್ದ ಕಲಮುಗಳು 2019ರಲ್ಲಿ ಹೋದವು. ರೋಗ ಮಾತ್ರ ಪೂರ್ತಿ ಹೋಗಿಲ್ಲ. ಜಗತ್ತಿನಲ್ಲಿ ಪ್ರತಿವರ್ಷ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮವರೇ. ಸಂಖ್ಯೆ ಲಕ್ಷದ ಆಸುಪಾಸಿನಲ್ಲೇ ಇದೆ. ಹೊಕ್ಕ ರೋಗಾಣು ಲಕ್ಷಣ ತೋರಲು ಸರಾಸರಿ ಐದು ವರ್ಷ, ಕೆಲವರಲ್ಲಿ ಇಪ್ಪತ್ತು ವರ್ಷವೂ ಹಿಡಿಯುತ್ತದೆ. ಇಂದು ಮೂಗು ಕಟ್ಟಿಕೊಂಡು ಬರುವವನು ಎಂದೋ ಯಾರ ಪಕ್ಕದಲ್ಲೋ ಮಲಗಿದ್ದವನು.

ಹೀಗೆ ರೋಗ ವಿರಳವಾದಾಗಲೇ ಅದನ್ನು ಗುರುತಿಸುವ ಕಣ್ಣೂ ವಿರಳವಾಗುತ್ತದೆ. ಕುಷ್ಠದ ಕೆಲಸಕ್ಕೆಂದೇ ಇದ್ದವರು ನಿವೃತ್ತರಾದರು, ಕೆಲಸ ಎಲ್ಲರ ಕೆಲಸದಲ್ಲಿ ಸೇರಿಹೋಯಿತು. ಈಗ ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಹತ್ತಾರು ರಿಜಿಸ್ಟರುಗಳಿವೆ. ಮಚ್ಚೆ ಇದೆಯೇ ಎಂದು ಕೇಳುವಷ್ಟು ಪುರುಸೊತ್ತು ಸಿಕ್ಕರೆ ಹೆಚ್ಚು. ಬಿಡದ ನೆಗಡಿಯ ಬಗ್ಗೆ ನಾಲ್ಕು ಪ್ರಶ್ನೆ, ಒಂದು ಟಾರ್ಚು, ಎರಡು ನಿಮಿಷ. ಅವರ ತರಬೇತಿಗೆ ಇದನ್ನು ಸೇರಿಸಲು ಹೊಸ ಯಂತ್ರ ಬೇಡ, ಹೊಸ ಕಟ್ಟಡ ಬೇಡ. ಮೂಗಿನೊಳಗೆ ಏನನ್ನು ನೋಡಬೇಕೆಂದು ಕಣ್ಣಾರೆ ಕಂಡವರು ಹೇಳಿಕೊಡಬೇಕು, ಅಷ್ಟೆ. ಕೊಳ್ಳೇಗಾಲದ ಹಿರಿಯರು ಇನ್ನೂ ಗಟ್ಟಿಯಾಗಿದ್ದಾರೆ, ಕರೆದರೆ ಬಸ್ಸು ಹತ್ತಿ ಬರುತ್ತೇನೆ ಎನ್ನುತ್ತಾರೆ. ಇದುವರೆಗೆ ಯಾರೂ ಕರೆದಿಲ್ಲವಂತೆ.