ಕೈಸಾಬೂನಿನ ಬಣ್ಣ: ಕ್ಷಾರದಲ್ಲಿ ಉಳಿಯುವುದು ಯಾವುದು, ಅಳಿಯುವುದು ಯಾವುದು?

ವರ್ಷಾಂತ್ಯದ ದಾಸ್ತಾನು ಪರಿಶೀಲನೆಯ ಸಂದರ್ಭದಲ್ಲಿ ಚಿಂತಾಮಣಿಯ ಸಣ್ಣ ಸಾಬೂನು ಘಟಕವೊಂದರ ಒಡತಿಯವರು ಪಟ್ಟಿಯೊಡನೆ ಎರಡು ಬಿಲ್ಲೆಗಳನ್ನೂ ನನ್ನ ಮೇಜಿನ ಮೇಲಿಟ್ಟರು. ಒಂದು ಕಂದು, ಇನ್ನೊಂದು ಬೂದು. ಪಟ್ಟಿಯಲ್ಲಿ ಅವು ‘ಬೀಟ್‌ರೂಟ್’ ಮತ್ತು ‘ದಾಸವಾಳ’ ಎಂದು ದಾಖಲಾಗಿದ್ದವು. ಅಂತಹ ಇನ್ನೂರು ಬಿಲ್ಲೆಗಳು ಮಾರಾಟವಾಗದೆ ಉಳಿದಿದ್ದವು. “ಸಾರ್, ಇವಕ್ಕೆ ಏನು ಬೆಲೆ ಹಾಕಲಿ?” ಎಂಬುದು ಅವರ ಪ್ರಶ್ನೆ. ಉತ್ತರಕ್ಕಾಗಿ ವಾಣಿಜ್ಯ ಪದವೀಧರನಾದ ನಾನು ರಸಾಯನಶಾಸ್ತ್ರದ ಮೊರೆ ಹೋಗಬೇಕಾಯಿತು.

ಬೆಂಕಿಯ ಸಹಾಯವಿಲ್ಲದೆ ಎಣ್ಣೆಗೆ ಕಾಸ್ಟಿಕ್ ಸೋಡಾ ದ್ರಾವಣವನ್ನು ಬೆರೆಸಿ, ಅಚ್ಚಿಗೆ ಸುರಿದು, ನಾಲ್ಕರಿಂದ ಆರು ವಾರ ಒಣಗಿಸುವುದೇ ಶೀತಲ ವಿಧಾನ. ಇಲ್ಲಿ ಬಣ್ಣವು ಮೊದಲು ತೀವ್ರ ಕ್ಷಾರವನ್ನು ಎದುರಿಸಬೇಕು. ಸಾಬೂನು ಹದಗೊಂಡ ಮೇಲೂ ಅದರ ಪಿಎಚ್ 9ರಿಂದ 10ರ ಆಸುಪಾಸಿನಲ್ಲಿಯೇ ಇರುತ್ತದೆ. ಅಡುಗೆಮನೆಯಲ್ಲಿ ಚೆಂದ ಕಾಣುವ ಬಣ್ಣ ಅಚ್ಚಿನಲ್ಲಿ ಕೈಕೊಡುವುದು ಇದರಿಂದಲೇ.

ಇದು ನಮ್ಮ ಹೆಂಗಸರಿಗೆ ತಿಳಿಯದ ಸಂಗತಿಯೇನಲ್ಲ. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದೊಡನೆ ಅದು ಕೆಂಪಾಗುತ್ತದೆ. ಸಾಬೂನಿನಲ್ಲಿಯೂ ಆಗುವುದು ಅದೇ: ಅರಿಶಿನ ಮೊದಲು ಕೆಂಪು ತಿರುಗಿ, ಕ್ಷಾರ ತಗ್ಗಿದಂತೆ ಕಿತ್ತಳೆಯತ್ತ ಇಳಿದು, ಬೆಳಕಿಗೆ ಇಟ್ಟರೆ ಕ್ರಮೇಣ ಮಾಸುತ್ತದೆ. ದಾಸವಾಳ, ಶಂಖಪುಷ್ಪ, ಬೀಟ್‌ರೂಟ್‌ಗಳ ಬಣ್ಣಕ್ಕೆ ಇಷ್ಟು ಬಾಳಿಕೆಯೂ ಇಲ್ಲ. ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲಿ ಉಳಿದ ಗುಲಾಬಿ ದಳಗಳನ್ನು ಅಗ್ಗಕ್ಕೆ ಕೊಂಡು ಸಾಬೂನಿಗೆ ಬೆರೆಸುವ ಆಲೋಚನೆ ಹಲವರಿಗೆ ಬರುತ್ತದೆ. ಆ ದಳಗಳು ಕೆಲವೇ ದಿನಗಳಲ್ಲಿ ಕಂದಾಗುತ್ತವೆ. ಚೆಂಡುಹೂವಿನ ಹಳದಿ ಕ್ಯಾರೊಟಿನಾಯ್ಡ್ ವರ್ಗದ್ದು. ಅದು ಕ್ಷಾರಕ್ಕೆ ಅಂಜುವುದಿಲ್ಲ, ಬೆಳಕಿಗೆ ಮಾತ್ರ ಅಂಜುತ್ತದೆ.

ಶಿಡ್ಲಘಟ್ಟದ ಸುತ್ತ ರೇಷ್ಮೆಯ ಬಣ್ಣ ಸುಲಭವಾಗಿ ದೊರೆಯುವುದರಿಂದ ಅದನ್ನೇ ಬಳಸಬಹುದಲ್ಲವೇ ಎಂದು ಒಬ್ಬರು ಕೇಳಿದ್ದರು. ರೇಷ್ಮೆಯ ಅಂಟನ್ನು ಸಾಬೂನು-ಸೋಡಾ ನೀರಿನಲ್ಲಿ ಕುದಿಸಿ ತೆಗೆಯುತ್ತಾರೆ, ನಿಜ. ಆದರೆ ಆಮ್ಲವರ್ಗದ ಬಣ್ಣಗಳನ್ನು ಏರಿಸುವುದು ಅನಂತರ, ಆಮ್ಲೀಯ ನೀರಿನಲ್ಲಿ. ನೂಲಿನ ಮೇಲೆ ಗಟ್ಟಿಯಾಗಿ ನಿಲ್ಲುವ ಆ ಬಣ್ಣಕ್ಕೆ ಸಾಬೂನಿನಲ್ಲಿ ಹಿಡಿದುಕೊಳ್ಳಲು ನೂಲೇ ಇಲ್ಲ. ಅದು ನೊರೆಯೊಡನೆ ಹರಿದು ಟವೆಲ್ಲಿಗೆ ಅಂಟುತ್ತದೆ. ಜವಳಿಗೆಂದು ಮಾಡಿದ ಬಣ್ಣವನ್ನು ಚರ್ಮಕ್ಕೆ ಹಚ್ಚುವ ಪದಾರ್ಥಕ್ಕೆ ಹಾಕುವುದು ಕಾನೂನಿನ ದೃಷ್ಟಿಯಿಂದಲೂ ಸಲ್ಲದು.

ಹಾಗಾದರೆ ಉಳಿಯುವುದು ಯಾವುದು? ಖನಿಜ ಮೂಲದ ಬಣ್ಣಗಳು ಎಂಬುದು ಚಿಕ್ಕ ಉತ್ತರ. ಕಬ್ಬಿಣದ ಆಕ್ಸೈಡ್‌ನ ಕೆಂಪು, ಹಳದಿ, ಕಪ್ಪು. ಕ್ರೋಮಿಯಂ ಆಕ್ಸೈಡ್‌ನ ಹಸಿರು. ಬಿಳಿಗೆ ಟೈಟಾನಿಯಂ ಡೈಆಕ್ಸೈಡ್. ಬಿಳಿ ಬಟ್ಟೆಗೆ ಹಾಕುತ್ತಿದ್ದ ನೀಲಿ ಪುಡಿಯ ಮೂಲವಾದ ಅಲ್ಟ್ರಾಮರೀನ್ ಆಮ್ಲದಲ್ಲಿ ಹಾಳಾಗುತ್ತದೆ, ಕ್ಷಾರದಲ್ಲಿ ಅಚಲ. ಪ್ರಶ್ಯನ್ ನೀಲಿ ಇದಕ್ಕೆ ತದ್ವಿರುದ್ಧ. ಕಾಸ್ಟಿಕ್ ತಗುಲಿದರೆ ಕಂದಾಗುತ್ತದೆ. ಹೊಳಪಿನ ಅಭ್ರಕದ ಕೆಲವು ಪುಡಿಗಳಲ್ಲಿ ಇದೇ ಪ್ರಶ್ಯನ್ ನೀಲಿ ಇರುವುದರಿಂದ ಕೊಳ್ಳುವ ಮುನ್ನ ಘಟಕಾಂಶಗಳ ಪಟ್ಟಿಯನ್ನು ಕೇಳಿ ಪಡೆಯಬೇಕು. ಸಸ್ಯಮೂಲವೇ ಬೇಕೆಂಬವರಿಗೆ ನೀಲಿ ಗಿಡದ ನೀಲಿಯೂ ಮಂಜಿಷ್ಠದ ಗುಲಾಬಿಯೂ ತಕ್ಕಮಟ್ಟಿಗೆ ನಂಬಿಕಸ್ಥವಾದವು.

ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಪುಡಿಯೂ ಕಬ್ಬಿಣದ್ದೇ, ಬೆಲೆಯೂ ಕಡಿಮೆ. ಆದರೂ ಅದು ಬೇಡ. ಅದರಲ್ಲಿನ ಸೀಸ, ಆರ್ಸೆನಿಕ್‌ಗಳ ಪ್ರಮಾಣಕ್ಕೆ ಯಾರೂ ಖಾತರಿ ಕೊಡುವುದಿಲ್ಲ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಭಾರತೀಯ ಮಾನಕ ಐಎಸ್ 4707ರ ಮೊದಲ ಭಾಗದಲ್ಲಿ ಸೂಚಿಸಿದ ಬಣ್ಣಗಳನ್ನೇ ಬಳಸತಕ್ಕದ್ದು. ಮಾರಾಟಕ್ಕಾಗಿ ತಯಾರಿಸಲು ಪರವಾನಗಿಯೂ ಅಗತ್ಯ. ಸೌಂದರ್ಯವರ್ಧಕ ದರ್ಜೆಯ ಪುಡಿಯನ್ನು ವಿಶ್ಲೇಷಣಾ ಪತ್ರದೊಡನೆ ಕೊಂಡು, ಆ ಪತ್ರವನ್ನು ಬಿಲ್ಲಿನೊಡನೆ ಕಡತದಲ್ಲಿಡುವುದು ಕ್ಷೇಮ.

ಬಣ್ಣವನ್ನೇ ದೂರುವ ಮುನ್ನ ಎಣ್ಣೆ ಮತ್ತು ಪರಿಮಳವನ್ನೂ ಗಮನಿಸಬೇಕು. ಹೊಂಗೆ ಎಣ್ಣೆಯ ಕಂದಿನ ಮೇಲೆ ತಿಳಿ ನೀಲಿ ಕೂರುವುದಿಲ್ಲ. ವೆನಿಲಿನ್ ಇರುವ ಸುಗಂಧ ಎಂತಹ ಬಿಳಿ ಬಿಲ್ಲೆಯನ್ನೂ ವಾರಗಳಲ್ಲಿ ಕಂದಾಗಿಸುತ್ತದೆ.

ಆದ್ದರಿಂದ ಅರ್ಧ ಕಿಲೋ ಎಣ್ಣೆಯ ಪ್ರಯೋಗವಿಲ್ಲದೆ ದೊಡ್ಡ ಅಚ್ಚಿಗೆ ಕೈ ಹಾಕಬಾರದು. ಪುಡಿಯನ್ನು ಸ್ವಲ್ಪ ಎಣ್ಣೆಯಲ್ಲಿ ಗಂಟಿಲ್ಲದಂತೆ ಕಲಸಿ ಬೆರೆಸಿ, ಬಂದ ಬಿಲ್ಲೆಯನ್ನು ಎರಡಾಗಿ ಕತ್ತರಿಸಿ, ಒಂದನ್ನು ಕಿಟಕಿಯ ಬಿಸಿಲಿನಲ್ಲಿ, ಇನ್ನೊಂದನ್ನು ಕಪಾಟಿನಲ್ಲಿ ಆರು ವಾರ ಇಡಬೇಕು. ಬಳಿಕ ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದರೆ ಸಾಕು. ಒದ್ದೆ ಬಿಳಿ ಬಟ್ಟೆಗೆ ಉಜ್ಜಿ, ಬಣ್ಣ ಬಿಡುವುದೇ ಎಂದೂ ನೋಡಬಹುದು.

ಇನ್ನು ಲೆಕ್ಕದ ವಿಚಾರ. ದಾಸ್ತಾನನ್ನು ತಯಾರಿಕಾ ವೆಚ್ಚ ಅಥವಾ ಮಾರಿದರೆ ಬರುವ ನಿವ್ವಳ ಮೊತ್ತ, ಇವೆರಡರಲ್ಲಿ ಕಡಿಮೆಯಾದುದಕ್ಕೆ ನಮೂದಿಸಬೇಕು. ಬಣ್ಣಗೆಟ್ಟ ಬಿಲ್ಲೆಯನ್ನು ಪೂರ್ಣ ವೆಚ್ಚಕ್ಕೆ ತೋರಿಸಿದರೆ ಇಲ್ಲದ ಲಾಭ ಕಾಣಿಸುತ್ತದೆ. ಎಸೆದುಬಿಟ್ಟರೆ, ಅದರ ಕಚ್ಚಾವಸ್ತುಗಳ ಮೇಲೆ ಪಡೆದ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆಯನ್ನು 17(5)ನೇ ಪ್ರಕರಣದಂತೆ ಹಿಂದಿರುಗಿಸಬೇಕಾಗುತ್ತದೆ. ಉಚಿತ ಮಾದರಿಯಾಗಿ ಹಂಚಿದರೂ ಹಾಗೆಯೇ. ಕಡಿಮೆ ಬೆಲೆಗಾದರೂ ಬಿಲ್ಲು ಹಾಕಿ ಮಾರಿದರೆ ಈ ತೊಡಕಿಲ್ಲ. ಸ್ನಾನದ ಸಾಬೂನು ಬಿಲ್ಲೆಯ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ.

ಚಿಂತಾಮಣಿಯ ಆ ತಾಯಿ ಹಾಗೆಯೇ ಮಾಡಿದರು. ಲೇಬಲ್ಲಿನಿಂದ ‘ದಾಸವಾಳ’, ‘ಬೀಟ್‌ರೂಟ್’ ಎಂಬ ಹೆಸರುಗಳನ್ನು ತೆಗೆದು, ಬಣ್ಣ ಮಾಸಿದೆ ಎಂದು ಮೊದಲೇ ತಿಳಿಸಿ, ಅರ್ಧ ಬೆಲೆಗೆ ಮಾರಿದರು. ಅವರ ಕಿಟಕಿಯಲ್ಲಿ ಈಗ ಅಲ್ಟ್ರಾಮರೀನ್‌ನ ಒಂದು ತುಂಡು ಮೂರನೆಯ ವಾರದ ಬಿಸಿಲು ಕಾಯುತ್ತಿದೆ.